ಅಜ್ಜಿ ಇದ್ದವನೇ ಆಟಗಾರ

ಬ್ರಿಟನ್ನಿನ ಐಸ್ ಹಾಕಿಯನ್ನು ಬೆಳೆಸಿದವರಿಗೆ ಪ್ರಶಸ್ತಿ ಕೊಡುವುದಾದರೆ ಮೊದಲ ಶಾಲು ಅಜ್ಜಿಗೆ ಸಲ್ಲಬೇಕು. ಗ್ಲಾಸ್ಗೋದಲ್ಲೋ ಲಿವರ್‌ಪೂಲಿನಲ್ಲೋ ಹುಟ್ಟಿ, ಕೆನಡಾದ ಹಡಗು ಹತ್ತಿದ ಅಜ್ಜಿಗೆ. ಆಕೆ ಸ್ಕೇಟ್ ಕಟ್ಟಿದವಳಲ್ಲ, ಸ್ಟಿಕ್ ಹಿಡಿದವಳಲ್ಲ. ಜನನ ಪತ್ರವನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟಿದ್ದಳು, ಅಷ್ಟೆ. ಮೊಮ್ಮಗನಿಗೆ ಅದರಿಂದ ವೀಸಾ ಸಿಗುತ್ತದೆ; ಕೆಲವು ವರ್ಷ ಇಲ್ಲೇ ಆಡಿಕೊಂಡಿದ್ದರೆ ಪಾಸ್‌ಪೋರ್ಟೂ ಕೈಗೆ ಬರುತ್ತದೆ. ಆಮೇಲೆ ಅವನು ಅಪ್ಪಟ ದೇಸಿ ಪ್ರತಿಭೆ.

ಇದು ಇಂದು ನಿನ್ನೆಯ ವಿದ್ಯೆಯಲ್ಲ. 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಕೆನಡಾವನ್ನು 2-1ರಿಂದ ಸೋಲಿಸಿ ಚಿನ್ನ ಹೊತ್ತು ತಂದಿತು. ಗೋಲು ಕಾದ ಜಿಮ್ಮಿ ಫಾಸ್ಟರ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ, ಬೆಳೆದದ್ದು ವಿನ್ನಿಪೆಗ್‌ನಲ್ಲಿ. ತಂಡದ ಹೆಚ್ಚಿನವರದೂ ಇದೇ ಜಾತಕ. ನಾಯಕ ಕಾರ್ಲ್ ಎರ್ಹಾರ್ಟ್ ಇಂಗ್ಲೆಂಡಿನವನೇ. ಆದರೆ ಅವನೂ ಆಟ ಕಲಿತು ಬಂದದ್ದು ಯುರೋಪಿನ ಶಾಲೆಗಳಲ್ಲಿ. ಕೆನಡಾ ತಕರಾರು ಎತ್ತಿತು. ಸಾಕಿದವರಿಗೆ ಸಂಕಟ, ಹೆತ್ತವರಿಗೆ ಪದಕ!

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಆಡುತ್ತೇವೆ. ಬ್ರಿಟನ್ನಿನ ಹಾಕಿಯವರು ಅದನ್ನು ನಿಯಮಾವಳಿಗೇ ಸೇರಿಸಿದ್ದಾರೆ. 1996ರಲ್ಲಿ ಶುರುವಾದ ಸೂಪರ್‌ಲೀಗ್‌ನಲ್ಲಿ ಬ್ರಿಟಿಷರನ್ನು ಹುಡುಕಬೇಕಾದರೆ ಪ್ರೇಕ್ಷಕರ ಗ್ಯಾಲರಿಗೆ ಹೋಗಬೇಕಿತ್ತು. ದುಡ್ಡು ಸುರಿದು ಸುರಿದು ಅದು 2003ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಎಲೀಟ್ ಲೀಗ್ ಹುಟ್ಟಿತು. ಈ ಸಲ ವಿದೇಶಿಯರಿಗೆ ಮಿತಿ ಇದೆ, ಇಲ್ಲವೆನ್ನುವಂತಿಲ್ಲ. ಒಂದು ಪಂದ್ಯಕ್ಕೆ ಅಣಿಯಾಗುವವರು ಸುಮಾರು 20 ಮಂದಿ. ಈಚಿನ ವರ್ಷಗಳಲ್ಲಿ ವಿದೇಶಿಯರ ಮಿತಿ 14-15ರ ಆಸುಪಾಸು. ಉಳಿದ ಕುರ್ಚಿಗಳಲ್ಲಿ ಸ್ಥಳೀಯರು ಧಾರಾಳವಾಗಿ ಕೂರಬಹುದು. ಕೂರಬಹುದು ಎಂದದ್ದು ಬೇಕೆಂದೇ.

ಬೇಕಾದರೆ ಬೆಂಚಿನ ತುದಿಗೆ ಕಣ್ಣು ಹಾಯಿಸಿ. ಹೆಲ್ಮೆಟ್ ಬದಲು ಟೋಪಿ ಹಾಕಿಕೊಂಡು ಕೂತ ಆ ಹುಡುಗ ಎರಡನೇ ಗೋಲ್‌ಕೀಪರ್. ಊರಿನವನೇ. ಮೊದಲ ಗೋಲ್‌ಕೀಪರ್ ಬಹುಪಾಲು ತಂಡಗಳಲ್ಲಿ ಆಮದು ಮಾಲು. ಬೆಂಚಿಗೆ ಬರುವವರಿಗೆ, ಮಂಜಿಗೆ ಇಳಿಯುವವರಿಗೆ ಬಾಗಿಲು ತೆಗೆದು ಹಾಕುವುದು ಹುಡುಗನ ಕೆಲಸ. ಅದನ್ನು ತಪ್ಪಿಲ್ಲದೆ ಮಾಡುತ್ತಾನೆ. ಬಾಗಿಲು ತೆಗೆಯುವುದರಲ್ಲಿ ವಿಶ್ವಕಪ್ ಇದ್ದಿದ್ದರೆ ಬ್ರಿಟನ್ನಿಗೆ ಎದುರಾಳಿಯೇ ಇರುತ್ತಿರಲಿಲ್ಲ. ಇಲ್ಲಿಯವರೆಗೆ ಬರಲು ಅವನು ಪಟ್ಟ ಪಾಡೂ ಸಣ್ಣದಲ್ಲ. ರಿಂಕ್ ನಡೆಸುವವರಿಗೆ ಸಂಜೆಯ ಹೊತ್ತೆಂದರೆ ಟಿಕೆಟ್ಟಿನ ಹೊತ್ತು. ಡಿಸ್ಕೊ ಸ್ಕೇಟಿಂಗ್, ಹುಟ್ಟುಹಬ್ಬದ ಪಾರ್ಟಿ ಎಲ್ಲ ಮುಗಿಯಬೇಕು, ಮಂಜು ಸವರುವ ಯಂತ್ರ ಒಂದು ಸುತ್ತು ಹಾಕಬೇಕು. ಆಮೇಲೆ ಭವಿಷ್ಯದ ಒಲಿಂಪಿಯನ್ನರ ಸರದಿ. ಅಷ್ಟರಲ್ಲಿ ಅಪ್ಪ ಕಾರಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ.

ಇಷ್ಟಾದರೂ ಈ ಊರಿನ ಹುಡುಗರು ರಾಷ್ಟ್ರೀಯ ತಂಡದಲ್ಲಿ ಒಮ್ಮೊಮ್ಮೆ ಗೆದ್ದು ಆಡಳಿತಗಾರರನ್ನು ಮುಜುಗರಕ್ಕೆ ಸಿಕ್ಕಿಸುತ್ತಾರೆ. 2018ರಲ್ಲಿ ಬುಡಾಪೆಸ್ಟ್‌ನಲ್ಲಿ ಪಂದ್ಯ ಮುಗಿಯಲು 15.8 ಸೆಕೆಂಡ್ ಇದ್ದಾಗ ರಾಬರ್ಟ್ ಫಾರ್ಮರ್ ಗೋಲು ಹೊಡೆದು ಹಂಗೇರಿಯೊಂದಿಗಿನ ಪಂದ್ಯವನ್ನು 2-2ಕ್ಕೆ ಸಮ ಮಾಡಿಬಿಟ್ಟ. ಆ ಸಮಬಲವೇ ಸಾಕಾಗಿ, 1994ರ ನಂತರ ಮೊದಲ ಬಾರಿಗೆ ಬ್ರಿಟನ್ ವಿಶ್ವ ಚಾಂಪಿಯನ್‌ಷಿಪ್‌ನ ಮೇಲಿನ ದರ್ಜೆಗೆ ಏರಿತು. ಮರುವರ್ಷ ಸ್ಲೋವಾಕಿಯಾದಲ್ಲಿ ಫ್ರಾನ್ಸ್ ಎದುರು 0-3ರ ಹಿನ್ನಡೆಯಿಂದ ಎದ್ದು, ಹೆಚ್ಚುವರಿ ಅವಧಿಯಲ್ಲಿ 4-3. ಗೆಲುವಿನ ಗೋಲು ಬೆನ್ ಡೇವಿಸ್‌ನದು. ಮೇ ತಿಂಗಳಲ್ಲಿ ಹೂಹಾರ, 'ನಮ್ಮ ಹುಡುಗರು' ಎಂಬ ಉದ್ಗಾರ. ಬೇಸಿಗೆ ಕಳೆಯುವುದರೊಳಗೆ ಕ್ಲಬ್ಬುಗಳ ಫೋನೆಲ್ಲ ಮತ್ತೆ ಉತ್ತರ ಅಮೆರಿಕದ ಏಜೆಂಟರ ಕಡೆಗೆ. ಕ್ಲಬ್ಬಿನವರನ್ನು ಕೇಳಿದರೆ, ಪ್ರೇಕ್ಷಕ ಟಿಕೆಟ್ ಕೊಳ್ಳುವುದು ಗೆಲುವಿಗೆ, ದೇಶಭಕ್ತಿಗಲ್ಲ ಎನ್ನುತ್ತಾರೆ. ಒಪ್ಪಬೇಕಾದ ಮಾತೇ. ಎಲ್ಲ ತಂಡಗಳಿಗೂ ಮಿತಿಯನ್ನು ಒಟ್ಟಿಗೇ ಇಳಿಸಿದರೆ ಆಗಲೂ ಯಾರೋ ಒಬ್ಬರು ಗೆಲ್ಲಲೇಬೇಕಲ್ಲ ಎಂದರೆ ಮಾತ್ರ ಸಭೆ ಚಹಾಕ್ಕೆ ಎದ್ದುಬಿಡುತ್ತದೆ.

ಜರ್ಮನರಿಗೆ ಈ ಜಾಣತನ ಬರಲಿಲ್ಲ. ಅಲ್ಲಿಯೂ ಫುಟ್‌ಬಾಲೇ ದೇವರು, ಆದರೂ ಒಂದು ಪಂದ್ಯಕ್ಕೆ 9 ವಿದೇಶಿಯರು ಸಾಕೆಂದು ಕೂತಿದ್ದಾರೆ. ಫಲವಾಗಿ 2018ರ ಒಲಿಂಪಿಕ್ಸ್‌ನ ಫೈನಲ್‌ವರೆಗೆ ಹೋಗಿ ಬೆಳ್ಳಿಯ ಭಾರ ಹೊರಬೇಕಾಯಿತು. ಅದೇ ವರ್ಷ ಯಾರ್ಕ್‌ಷೈರಿನ ಮಾಲ್ಟ್‌ಬಿಯ ಹುಡುಗ ಲಿಯಾಮ್ ಕರ್ಕ್‌ನನ್ನು ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಅರಿಜೋನಾ ತಂಡ ಹೊಸ ಆಟಗಾರರ ಡ್ರಾಫ್ಟ್‌ನಲ್ಲಿ 189ನೆಯವನಾಗಿ ಆರಿಸಿತು. ಇಂಗ್ಲೆಂಡಿನಲ್ಲೇ ಹುಟ್ಟಿ, ಇಂಗ್ಲೆಂಡಿನಲ್ಲೇ ಆಟ ಕಲಿತವನಿಗೆ ಅಂಥ ಕರೆ ಬಂದದ್ದು ಅದೇ ಮೊದಲು. 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವನು 7 ಗೋಲು ಹೊಡೆದ. 2024ರಲ್ಲಿ ಬರ್ಲಿನ್ ಕ್ಲಬ್ಬು ಅವನನ್ನು ಕರೆಸಿಕೊಂಡಿತು, ತನ್ನ ವಿದೇಶಿ ಆಟಗಾರರ ಪಟ್ಟಿಯಲ್ಲಿ.