ಗುಂಡಣ್ಣನಿಗೆ ಬಡ್ತಿ ಯಾವಾಗ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಲೋಕದಲ್ಲಿ ಜನರು ಎರಡೇ ಬಗೆ. ಒಂದು, ಆಟಗಾರರ ಪಾತ್ರಗಳು. ಇವರು ರಾಕ್ಷಸನನ್ನು ಕೊಂದರೆ ಎಕ್ಸ್‌ಪಿ, ಅಂದರೆ ಅನುಭವದ ಅಂಕ ಸಿಗುತ್ತದೆ. ಅಂಕ ಕೂಡಿದಂತೆ ಲೆವೆಲ್ ಏರುತ್ತದೆ. ಮಿಕ್ಕವರೆಲ್ಲ ಎನ್‌ಪಿಸಿಗಳು: ಕಮ್ಮಾರ, ಅಂಬಿಗ, ಕಾವಲಿನವನು, ಸಾಲ ಕೊಟ್ಟು ಕೆಟ್ಟವನು. ಇವರನ್ನೆಲ್ಲ ಆಡಿಸುವುದು ಡಿಎಂ. ನಮ್ಮ ಮೇಜಿನಲ್ಲಿ ಆ ಡಿಎಂ ನಾನೇ ಆದ್ದರಿಂದ ಒಂದಿಡೀ ಊರು ನನ್ನ ಗಂಟಲಲ್ಲಿ ವಾಸವಾಗಿದೆ.

ಆ ಊರು ಇರುವುದು ಹಿಮ ಬೀಳುವ, ಕೋಟೆಗಳಿರುವ, ಎಲ್ಫ್‌ಗಳು ಓಡಾಡುವ ಸೀಮೆಯಲ್ಲಿ. ಆದರೆ ಆಟಗಾರನೊಬ್ಬ ಇದ್ದಕ್ಕಿದ್ದಂತೆ "ಈ ಹೆಂಡದಂಗಡಿಯವನ ಹೆಸರೇನು ಸಾರ್?" ಅಂತ ಕೇಳಿದಾಗ ನನ್ನ ಬೆಂಗಳೂರಿನ ನಾಲಿಗೆಗೆ ಹೊಳೆದದ್ದು "ಗುಂಡಣ್ಣ". ಅವತ್ತಿನಿಂದ ಅವನು ಗುಂಡಣ್ಣನೇ. ನಮ್ಮ ವೀರರು ಮೊದಲ ಸಲ ಅವನ ಅಂಗಡಿಗೆ ಬಂದಾಗ ಇಲಿ ಕಂಡರೂ ಕತ್ತಿ ಹಿರಿಯುತ್ತಿದ್ದ ಪಡ್ಡೆಗಳು. ಈಗ ಒಂಬತ್ತನೇ ಲೆವೆಲ್ಲಿನ ಮಹಾಶಯರು. ಇವರು ಗುಹೆಗೆ ಹೋಗಿ ಬರುವಷ್ಟರಲ್ಲಿ ಗುಂಡಣ್ಣ ಎಷ್ಟು ಜಗಳ ಬಿಡಿಸಿದ, ಎಷ್ಟು ಬಾಕಿ ವಸೂಲು ಮಾಡಿದ, ಯಾರ ಯಾರ ಮದುವೆ ಮಾತುಕತೆ ಮುಗಿಸಿದ! ಆದರೂ ನನ್ನ ನೋಟ್‌ಬುಕ್ಕಿನಲ್ಲಿ ಅವನು ಮೊದಲ ಲೆವೆಲ್ಲಿನಲ್ಲೇ ಕೂತಿದ್ದ.

ಇದು ಇವತ್ತಿನ ತಕರಾರಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ಹೊರತಂದ ಕಾಲದಲ್ಲೇ ಅನುಭವಕ್ಕೂ ಹಣಕ್ಕೂ ನಂಟಿತ್ತು. ಹಳೆಯ ನಿಯಮದ ಪ್ರಕಾರ ಗುಹೆಯಿಂದ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ವೀರರು ನಾಣ್ಯ ತಂದರು, ಅನುಭವಸ್ಥರಾದರು, ಅದೇ ಸಂಜೆ ಆ ನಾಣ್ಯವನ್ನೆಲ್ಲ ಗುಂಡಣ್ಣನ ಗಲ್ಲಾಪೆಟ್ಟಿಗೆಗೆ ಸುರಿದು ಕುಡಿದು ಮಲಗಿದರು. ಚಿನ್ನ ಕೈ ಬದಲಾಯಿತು, ಅನುಭವ ಮಾತ್ರ ಕುಡಿದವರಲ್ಲೇ ಉಳಿಯಿತು. ವೀರರ ಜೊತೆ ಗುಹೆಗೆ ಇಳಿಯುವ ಬಂಟನಿಗೆ 1981ರ ಪುಸ್ತಕ ಅರ್ಧ ಪಾಲು ಅನುಭವ ಕೊಡುತ್ತದೆ. ಕಾರಣ, ಅವನು ಹೇಳಿದ್ದನ್ನು ಮಾಡುವವನು, ತಲೆ ಓಡಿಸುವವನಲ್ಲ ಎಂದು. ನಮ್ಮಲ್ಲಿ "ಆ ಪೆಟ್ಟಿಗೆ ಮುಟ್ಟಬೇಡಿ ಸ್ವಾಮಿ" ಅಂತ ಪ್ರತಿಸಲ ಹೇಳುವುದು ಬಂಟನೇ. ಮುಟ್ಟಿ ಸುಟ್ಟುಕೊಳ್ಳುವವರಿಗೆ ಪೂರ್ತಿ ಪಾಲು.

2000ದಲ್ಲಿ ಬಂದ ಮೂರನೇ ಆವೃತ್ತಿ ಎನ್‌ಪಿಸಿಗಳ ಮೇಲೆ ಕರುಣೆ ತೋರಿ, ಕಾಮನರ್ ಎಂಬ ದರ್ಜೆಯನ್ನೇ ಮಾಡಿಕೊಟ್ಟಿತು. ಜನಸಾಮಾನ್ಯ. ಮೊದಲ ಲೆವೆಲ್ಲಿನಲ್ಲಿ ಅವನ ಜೀವ ಒಂದರಿಂದ ನಾಲ್ಕು ಅಂಕ, ಅಷ್ಟೇ. ಅದೇ ನಿಯಮದಲ್ಲಿ ಸಾಕಿದ ಬೆಕ್ಕು ಒಂದು ಸುತ್ತಿನಲ್ಲಿ ಎರಡು ಸಲ ಪರಚಿ ಒಂದು ಸಲ ಕಚ್ಚಬಹುದು. ತಗಲಿದ ಪ್ರತಿ ಏಟಿಗೂ ಕಡೇಪಕ್ಷ ಒಂದು ಅಂಕ ಖೋತಾ. ಹಾಲಿನ ಪಾತ್ರೆಯ ಹತ್ತಿರ ಬೆಕ್ಕಿಗೆ ಎದುರಾದ ರೈತ ಬದುಕಿದರೆ ಅದೃಷ್ಟ. ಬದುಕಿ ಬೆಕ್ಕನ್ನು ಸೋಲಿಸಿದರೆ 75 ಎಕ್ಸ್‌ಪಿ. ಎರಡನೇ ಲೆವೆಲ್ಲಿಗೆ ಬೇಕಾದದ್ದು 1,000. ಅಂದರೆ 14 ಬೆಕ್ಕು. ಅದೇ ಆವೃತ್ತಿಯ ಒಂದು ಕೋಷ್ಟಕ, ಊರು ದೊಡ್ಡದಾದಷ್ಟೂ ಅಲ್ಲಿನ ಅತಿ ಅನುಭವಿ ಜನಸಾಮಾನ್ಯನ ಲೆವೆಲ್ ಏರಿಸುತ್ತದೆ. ಮಹಾನಗರದಲ್ಲಿ ಅದು 16ಕ್ಕಿಂತ ಕಡಿಮೆಯಾಗುವ ಹಾಗೇ ಇಲ್ಲ. ಡ್ರ್ಯಾಗನ್‌ಗಳ ಜೊತೆ ಹೊಡೆದಾಡಿ ಬಂದವರಿಗಿಂತ ಹಿರಿಯನಾದ ಈ ಪುಣ್ಯಾತ್ಮ ಎಲ್ಲಿ ಕೂತು ಬದನೆಕಾಯಿ ಮಾರುತ್ತಾನೋ, ಅಲ್ಲಿಯವರೆಗೆ ಎಷ್ಟು ಬೆಕ್ಕುಗಳನ್ನು ದಾಟಿ ಬಂದನೋ, ಪುಸ್ತಕದಲ್ಲಿ ವಿವರವಿಲ್ಲ.

ಬೇರೆ ಆಟಗಳಲ್ಲಿ ಸ್ವಲ್ಪ ನ್ಯಾಯವಿದೆ. 1978ರ ರೂನ್‌ಕ್ವೆಸ್ಟ್‌ನಲ್ಲಿ ಯಾವ ಕೆಲಸ ಮಾಡಿ ಗೆದ್ದರೋ ಆ ಕೆಲಸದಲ್ಲೇ ಪಳಗುತ್ತಾರೆ. ನನಗೆ ಹಿಡಿಸಿದ್ದು ಆರ್ಸ್ ಮ್ಯಾಜಿಕಾ. ಹದಿಮೂರನೇ ಶತಮಾನದ ಯುರೋಪಿನ ಮಾಂತ್ರಿಕರ ಕಥೆ ಅದು. ಅಲ್ಲಿ ಕಾಲವನ್ನು ಋತುಗಳಲ್ಲಿ ಎಣಿಸುತ್ತಾರೆ. ಓದಲಿಲ್ಲ, ಕಾದಲಿಲ್ಲ, ತನ್ನ ಪಾಡಿಗೆ ಕಸುಬು ಮಾಡಿಕೊಂಡಿದ್ದ ಎಂದರೂ ಐದನೇ ಆವೃತ್ತಿಯಲ್ಲಿ ಋತುವಿಗೆ ಎರಡು ಅಂಕ. ಮೂವತ್ತೈದು ದಾಟಿದ ಮೇಲೆ ವರ್ಷಕ್ಕೊಮ್ಮೆ ಮುಪ್ಪಿನ ದಾಳವನ್ನೂ ಉರುಳಿಸಬೇಕು. ನಾನು ಮಂಡಿ ಹಿಡಿದುಕೊಂಡು ಅದನ್ನು ಒಪ್ಪಿದೆ. ಡಿ ಅಂಡ್ ಡಿ ಕೂಡ 2020ರ ಒಂದು ಪುಸ್ತಕದಲ್ಲಿ ಸೈಡ್‌ಕಿಕ್ ಎಂಬ ಜೊತೆಗಾರರಿಗೆ ಜಾಗ ಕೊಟ್ಟಿತು. ಇವರಿಗೆ ಎಕ್ಸ್‌ಪಿ ಲೆಕ್ಕವೇ ಇಲ್ಲ, ತಂಡದ ಸರಾಸರಿ ಲೆವೆಲ್ ಏರಿದರೆ ಇವರದ್ದೂ ಏರುತ್ತದೆ. ಶುದ್ಧ ಸರ್ಕಾರಿ ಕಚೇರಿಯ ಪದ್ಧತಿ: ಕೆಲಸ ಕೇಳಬೇಡಿ, ಹಾಜರಿ ನೋಡಿ.

ಗುಂಡಣ್ಣನಿಗೆ ನಾನು ಋತುವಿನ ಲೆಕ್ಕವನ್ನೇ ಎರವಲು ತಂದೆ. ಹಿಂಬಾಕಿ ಸಮೇತ. ಬಂದ ಅಂಕವನ್ನೆಲ್ಲ ಎರಡೇ ವಿದ್ಯೆಗೆ ಹಾಕಿದೆ, ಚೌಕಾಸಿ ಮತ್ತು ಸುಳ್ಳು ಹಿಡಿಯುವುದು. ಮುಂದಿನ ಆಟದಲ್ಲಿ ನಮ್ಮ ಕಳ್ಳ ಎಂದಿನಂತೆ, "ಮಹಾರಾಜರೇ ಕಳಿಸಿದ್ದಾರೆ, ದುಡ್ಡು ಆಮೇಲೆ" ಅಂದ. ಇಬ್ಬರೂ ದಾಳ ಉರುಳಿಸಿದೆವು. ಕಳ್ಳ ಸೋತ.

"ಮಹಾರಾಜರು ಹೋದ ಚಳಿಗಾಲದಲ್ಲೇ ತೀರಿಕೊಂಡರಲ್ಲಪ್ಪಾ," ಅಂದ ಗುಂಡಣ್ಣ. "ಹಳೇ ಬಾಕಿಯೂ ಸೇರಿಸಿ ಕೊಟ್ಟುಬಿಡು."

ಮೇಜಿನಲ್ಲಿ ಗಲಾಟೆಯೋ ಗಲಾಟೆ. ಗುಹೆ ಸುತ್ತುವ ನಾವೆಲ್ಲಿ, ಲೋಟ ತೊಳೆಯುವ ಇವನೆಲ್ಲಿ, ಇದು ಯಾವ ಸೀಮೆಯ ನ್ಯಾಯ ಸಾರ್ ಎಂದರು. ನಾನು ನೋಟ್‌ಬುಕ್ ತೆರೆದು ಲೆಕ್ಕ ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, ತಮ್ಮಲ್ಲೇ ಪಿಸುಗುಟ್ಟಿ, ಕೊನೆಗೆ ಕಳ್ಳನನ್ನು ಒಂದು ವರ್ಷ ಅಂಗಡಿಯಲ್ಲಿ ಕೆಲಸಕ್ಕೆ ಬಿಡುತ್ತೇವೆ ಎಂದರು.

ಗುಂಡಣ್ಣ ಒಪ್ಪಿದ್ದಾನೆ. ಹೇಳಿದಷ್ಟು ಮಾಡಬೇಕು, ತಲೆ ಓಡಿಸುವ ಹಾಗಿಲ್ಲ. ಅನುಭವ ಅರ್ಧ ಪಾಲು.