ಪಗಾರಿಲ್ಲದ ನೇಯ್ಗಿ

ಬನಹಟ್ಟಿಯಾಗ ಮಗ್ಗ ಮಲಗಿದರೂ ನಮ್ಮಣ್ಣನ ಮಗ ಮಲಗೂದಿಲ್ಲ.

"ಏನ್ ಕುಟ್ಟಾಕತ್ತೀಯೋ?"

"ಕಾಕಾ, ಸೆಲೆನಿಯಂನಾಗ ಒಂದ್ ತಪ್ಪು ಸಿಕ್ಕೈತಿ, ತಿದ್ದಿ ಕಳಸಾಕತ್ತೇನಿ."

ವೆಬ್‌ಸೈಟ್ ಸರಿ ಐತೋ ಇಲ್ಲೋ ಅಂತ ತಾನೇ ಬಟನ್ ಒತ್ತಿ ನೋಡೋ ಸಾಫ್ಟ್‌ವೇರ್ ಅದು. 2004ರಾಗ ಶಿಕಾಗೋದಾಗ ಜೇಸನ್ ಹಗಿನ್ಸ್ ಶುರು ಮಾಡಿದ್ದು. ಆಗಿನ ಪೈಪೋಟಿ ಕಂಪನಿ ಹೆಸರು ಮರ್ಕ್ಯುರಿ, ಅಂದ್ರ ಪಾದರಸ. ಆ ವಿಷಕ್ಕ ಸೆಲೆನಿಯಂ ಮದ್ದು ಅಂತ ಚಾಷ್ಟಿಗೆ ಇಟ್ಟ ಹೆಸರು! (ನಮ್ಮೂರ ಅಡ್ಡಹೆಸರು ಹುಟ್ಟೂದೂ ಹಿಂಗ.) ಈ ಸಾಫ್ಟ್‌ವೇರಿನ ಕೋಡ್ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು.

"ಪಗಾರೆಷ್ಟು?"

"ಇಲ್ಲ."

ವೈನಿ ಹಣಿ ಬಡಕೊಂಡರು. ಸೀರಿಯಾಗ ಎಳಿ ತಪ್ಪಿದರ ನಮಗ ಕೂಲಿ ಕಟ್. ಅಲ್ಲಿ ತಪ್ಪು ಹುಡುಕಿದವಗ ಬರೇ ಥ್ಯಾಂಕ್ಸ್.

ಮೂರು ವಾರಕ್ಕ ಒಪ್ಪಿಗಿ ಬಂತು. ಮನಿಯಾಗ ಹೋಳಿಗಿ ಆತು. ಅಂವ ತಿದ್ದಿದ್ದು ಒಂದು ಅಲ್ಪವಿರಾಮ.