ಜಾನುಶೂಲ ಮೀಮಾಂಸೆ

ಮಂಗಳಾಚರಣೆ: ಗಣಪತಿಗೆ ಬಸ್ಕಿ ಹೊಡೆದು ಗ್ರಂಥ ಆರಂಭಿಸಬೇಕೆಂದಿತ್ತು. ವಿಷಯವೇ ಮಂಡಿನೋವಾದ್ದರಿಂದ ನಿಂತಲ್ಲೇ ಕೈಮುಗಿಯಲಾಗಿದೆ.

ಉಪೋದ್ಘಾತ: ಶಾಸ್ತ್ರಗಳಲ್ಲಿ ದೇವದತ್ತನೆಂಬೊಬ್ಬ ಬರುತ್ತಾನೆ. ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಅರ್ಥಾಪತ್ತಿಯಿಂದ ಸಾಧಿಸಿದ್ದಾರೆ. ಶತಮಾನಗಳಿಂದ ಈ ಆರೋಪ ಹೊತ್ತು ಬೇಸತ್ತ ದೇವದತ್ತ, ತೂಕ ಇಳಿಸುವ ಸಂಕಲ್ಪ ಮಾಡಿ ಆಷಾಢ ಶುಕ್ರವಾರ ಬರಿಗಾಲಲ್ಲಿ ಚಾಮುಂಡಿ ಬೆಟ್ಟ ಹತ್ತಿದ. ದೊಡ್ಡ ದೇವರಾಜ ಒಡೆಯರ (1659–1673) ಕಾಲದ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳವು. ಹೆಂಡತಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಬಂದಳು. ಇಳಿಯುವಾಗ ದೇವದತ್ತ ಹುಡುಗರ ಜೊತೆ ಪೈಪೋಟಿಗೆ ಬಿದ್ದು ಓಡಿದ. ಶನಿವಾರ ಮಂಡಿ ಹಿಡಿದುಕೊಂಡಿತು. ಇದಕ್ಕೆ ಕಾರಣವೇನು?

ಪೂರ್ವಪಕ್ಷ ಮತ್ತು ಖಂಡನೆ: "ಬದನೆಕಾಯಿ ತಿಂದ್ರಿ ಸಾರ್, ವಾಯು" ಎಂದರು ಎದುರುಮನೆಯ ವಾಯುವಾದಿಗಳು. ಅದೇ ಎಣ್ಣೆಗಾಯಿ ತಿಂದ ಹೆಂಡತಿಗೆ ನೋವಿಲ್ಲ. ಹೇತುವಿದ್ದೂ ಸಾಧ್ಯವಿಲ್ಲದ್ದರಿಂದ ಇದು ಸವ್ಯಭಿಚಾರ. ಪಾದರಕ್ಷಾವಾದಿಗಳು ಶೂ ಸರಿಯಿಲ್ಲವೆಂದರು. ಹತ್ತಿದ್ದು ಬರಿಗಾಲಲ್ಲಿ, ಹೇತುವೇ ಅಸಿದ್ಧ. ವಯೋವಾದಿಗಳು ಮುಪ್ಪೆಂದರು. ಗುರುವಾರ ಇಲ್ಲದ ಮುಪ್ಪು ಶನಿವಾರ ಬಂದೀತೆ? ಶಬ್ದವಾದಿಗಳು ಮಂಡಿಯ ಲಟಲಟ ಸದ್ದನ್ನೇ ಪ್ರಮಾಣ ಮಾಡಿದರು. ನೋವೂ ಬಾವೂ ಇಲ್ಲದ ಸದ್ದು ರೋಗವಲ್ಲ. ಚಿತ್ರವಾದಿಗಳು ಎಕ್ಸ್‌ರೇ ಎತ್ತಿ ಹಿಡಿದು ಸವೆತ ತೋರಿಸಿದರು. ಅಂಥ ಸವೆತ ನೋವೇ ಇಲ್ಲದ ಎಷ್ಟೋ ಮಂಡಿಗಳಲ್ಲೂ ಇರುತ್ತದೆ, ಕಾಕತಾಳೀಯವಿರಬಹುದು.

ಪ್ರಮಾಣ: ಪ್ರತ್ಯಕ್ಷವೆಂದರೆ ಬೆರಳು. ಎಲ್ಲಿ ನೋವು ಎಂದು ಕೇಳಿದಾಗ ರೋಗಿ ಚಿಪ್ಪಿನ ಸುತ್ತಲೂ ಸವರಿದರೆ ಚಿಪ್ಪಿಗೂ ತೊಡೆಮೂಳೆಗೂ ತಕರಾರು. ಚಿಪ್ಪಿನ ಕೆಳಗೆ ಒಂದೇ ಕಡೆ ಒತ್ತಿ ತೋರಿಸಿದರೆ ಸ್ನಾಯುರಜ್ಜು. ಹೊರಮಗ್ಗುಲಾದರೆ ಸೊಂಟದಿಂದ ಇಳಿದು ಬರುವ ಪಟ್ಟಿ. ಅನುಮಾನಕ್ಕೆ ನೋವು ಬರುವ ಹೊತ್ತೇ ಆಧಾರ. ಮೆಟ್ಟಿಲಿಳಿಯುವಾಗ, ಬಹಳ ಹೊತ್ತು ಮಂಡಿ ಮಡಿಸಿ ಕೂತು ಏಳುವಾಗ ಹೆಚ್ಚಾದರೆ ಮೊದಲನೆಯದೇ ಗಟ್ಟಿ. ದೇವದತ್ತ ಅಂಗೈಯಿಂದ ಇಡೀ ಚಿಪ್ಪು ಸವರಿದ. ಸಿನಿಮಾ ಇಂಟರ್ವಲ್ಲಿನಲ್ಲಿ ಏಳಲಾರದೆ ಕಾಫಿ ಕಳೆದುಕೊಂಡ.

ಸಿದ್ಧಾಂತ: ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬ್ರೇಕು ಹಿಡಿಯಬೇಕು. ಆಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ಮೈತೂಕದ ಹಲವು ಪಟ್ಟು. ಹಾಗಾದರೆ ಮೆಟ್ಟಿಲೇ ಕಾರಣವೆನ್ನೋಣವೆಂದರೆ ಹೆಂಡತಿ ಅಡ್ಡ ಬರುತ್ತಾಳೆ: ಮೆಟ್ಟಿಲು ಅವೇ, ಮೇಲೆ ಸಾವಿರ ಸಲ ಬಗ್ಗಿದ್ದು ಬೇರೆ. ಅನ್ವಯ ವ್ಯತಿರೇಕದಿಂದ ನೋಡಿದರೆ ಉಳಿಯುವ ವ್ಯತ್ಯಾಸ ಒಂದೇ. ಅವಳು ವರ್ಷವಿಡೀ ಕುಕ್ಕರಗಾಲಲ್ಲಿ ರಂಗೋಲಿ ಹಾಕಿ, ಮಾರುಕಟ್ಟೆಗೆ ನಡೆದೇ ಹೋಗಿಬರುವವಳು. ಇವನು ವರ್ಷವಿಡೀ ಸೋಫಾದಲ್ಲಿದ್ದು ಒಂದೇ ಬೆಳಗ್ಗೆ ವೀರನಾದವನು. ಆದ್ದರಿಂದ ಕಾರಣ ಶ್ರಮವಲ್ಲ, ರೂಢಿಯಿಲ್ಲದ ಶ್ರಮ ಒಮ್ಮೆಲೇ ಏರಿದ್ದು. "ನಿಧಾನಕ್ಕೆ ಇಳೀರಿ ಅಂತ ಅಲ್ಲೇ ಹೇಳಿರ್ಲಿಲ್ವಾ ರೀ?" ಎಂದಳು ಹೆಂಡತಿ. ಇದು ಆಪ್ತವಾಕ್ಯ, ಖಂಡನೆಗೆ ಅವಕಾಶವಿಲ್ಲ.

ಚಿಕಿತ್ಸೆ: ಪೂರ್ತಿ ಮಲಗಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ನೋವು ಕೆರಳದಷ್ಟಕ್ಕೆ ಓಡಾಟ ಇಳಿಸಿ, ತೊಡೆ ಮತ್ತು ಸೊಂಟದ ಸ್ನಾಯು ಬಲಪಡಿಸಿ, ಮತ್ತೆ ಮೆಲ್ಲಗೆ ಏರಿಸಬೇಕು.

ಅಪವಾದ: ಮಂಡಿ ಊದಿಕೊಂಡರೆ, ಮಡಿಸಿದ್ದು ಬಿಡಿಸಲಾಗದಂತೆ ಸಿಕ್ಕಿಕೊಂಡರೆ, ಕಾಲೂರಲಾಗದಿದ್ದರೆ, ಜ್ವರ ಬಂದರೆ ತರ್ಕಶಾಸ್ತ್ರ ಅಲ್ಲಿಗೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು.

ಫಲಶ್ರುತಿ: ಮುಂದಿನ ಆಷಾಢಕ್ಕೆ ಹರಕೆ ಹೊತ್ತವರು ಯುಗಾದಿಯಿಂದಲೇ ಶುರು ಮಾಡಿ. ಮೊದಮೊದಲು ನೂರು ಮೆಟ್ಟಿಲು, ಆಮೇಲೆ ನಂದಿಯವರೆಗೆ, ಕೊನೆಗೆ ಶಿಖರ. ಓಡಿ ಮಾತ್ರ ಇಳಿಯಬೇಡಿ; ಬೆಟ್ಟದ ಮೇಲಿಂದ ಬಸ್ಸಿದೆ.